ಮೆಹ್ಮತ್ ಫುವಾತ್ ಕೊಪ್ರುಲು: ಇತಿಹಾಸ ಬರೆದರು, ಪಕ್ಷ ಕಟ್ಟಿದರು, ಕೊನೆಗೆ ಅದೇ ಪಕ್ಷ ಬಿಟ್ಟರು

ಟರ್ಕಿಯ ಸೀರಿಯಲ್‌ಗಳಿಂದಾಗಿ ಎರ್ತುಗ್ರುಲ್, ಉಸ್ಮಾನ್ ಹೆಸರುಗಳು ಗಲ್ಫ್‌ನಲ್ಲಿರುವ ಕನ್ನಡಿಗರ ಮನೆಗಳಲ್ಲೂ ಕೇಳಿಸುತ್ತವೆ. ಆದರೆ ಕುದುರೆ, ಕತ್ತಿಯ ಕಥೆ ಬದಿಗಿಟ್ಟು, ಗಡಿಯಂಚಿನ ಒಂದು ಸಣ್ಣ ಸಂಸ್ಥಾನ ಅಷ್ಟು ದೊಡ್ಡ ಒಟ್ಟೋಮನ್ ಸಾಮ್ರಾಜ್ಯ ಆದದ್ದು ಹೇಗೆ ಎಂದು ದಾಖಲೆ ಹಿಡಿದು ಹುಡುಕಿದವರಲ್ಲಿ ದೊಡ್ಡ ಹೆಸರು ಪ್ರೊಫೆಸರ್ ಮೆಹ್ಮತ್ ಫುವಾತ್ ಕೊಪ್ರುಲು ಅವರದು. ಅವರೇ ಮುಂದೆ ಟರ್ಕಿಯ ವಿದೇಶಾಂಗ ಸಚಿವರೂ ಆದರು.

ಡಿಗ್ರಿ ಇಲ್ಲದ ಪ್ರೊಫೆಸರ್

ಕೊಪ್ರುಲು ಹುಟ್ಟಿದ್ದು 1890ರಲ್ಲಿ, ಇಸ್ತಾಂಬುಲ್‌ನಲ್ಲಿ. 17ನೇ ಶತಮಾನದಲ್ಲಿ ಸುಲ್ತಾನರಿಗೆ ಪ್ರಧಾನ ವಜೀರರನ್ನು ಕೊಟ್ಟ ಕೊಪ್ರುಲು ಮನೆತನದ ಹೆಸರು ಅವರದು. ಕಾನೂನು ಓದಲು ಸೇರಿ ಅರ್ಧಕ್ಕೇ ಬಿಟ್ಟರು. ಫ್ರೆಂಚ್, ಅರಬಿ, ಪಾರ್ಸಿ ಪುಸ್ತಕಗಳನ್ನು ಸ್ವಂತವಾಗಿ ಓದಿಕೊಂಡರು. 1913ರಲ್ಲಿ ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಟರ್ಕಿಶ್ ಸಾಹಿತ್ಯದ ಪ್ರೊಫೆಸರ್ ಆದಾಗ ಅವರಿಗೆ ಇನ್ನೂ 23 ವರ್ಷ.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಅವರ ದೊಡ್ಡ ಪುಸ್ತಕ ಅಹ್ಮದ್ ಯಸವಿ, ಯೂನುಸ್ ಎಮ್ರೆ ಎಂಬ ಸೂಫಿ ಕವಿಗಳ ಬಗ್ಗೆ. ಆಗಿನ ವಿದ್ವಾಂಸರು ಅರಮನೆಯ ಕಾವ್ಯಕ್ಕೆ ಹೆಚ್ಚು ಬೆಲೆ ಕೊಡುತ್ತಿದ್ದರು. ಹಳ್ಳಿ ಜನರ ಬಾಯಲ್ಲಿ ಉಳಿದ ಹಾಡೂ ಇತಿಹಾಸಕ್ಕೆ ದಾಖಲೆಯೇ ಎಂದು ಕೊಪ್ರುಲು ತೋರಿಸಿಕೊಟ್ಟರು. 1924ರಲ್ಲಿ ಇಸ್ತಾಂಬುಲ್‌ನಲ್ಲಿ ಟರ್ಕಿಶ್ ಅಧ್ಯಯನ ಸಂಸ್ಥೆ ಕಟ್ಟಿದರು.

ಒಟ್ಟೋಮನ್ ರಾಜ್ಯದ ಹುಟ್ಟಿನ ಬಗ್ಗೆ ಪ್ಯಾರಿಸ್‌ನಲ್ಲಿ ಕೊಟ್ಟ ಉಪನ್ಯಾಸಗಳು 1935ರಲ್ಲಿ ಫ್ರೆಂಚ್‌ನಲ್ಲಿ ಪುಸ್ತಕವಾಗಿ ಬಂದವು. ಅವರ ವಾದ ಸರಳ. ಒಬ್ಬ ವೀರನ ಕಥೆಯಿಂದಲೋ ಒಂದು ಬುಡಕಟ್ಟಿನ ಕಥೆಯಿಂದಲೋ ಸಾಮ್ರಾಜ್ಯದ ಹುಟ್ಟು ಅರ್ಥ ಆಗುವುದಿಲ್ಲ. ಆಗಿನ ಅನಾಟೋಲಿಯಾದ ವ್ಯಾಪಾರ, ಜಮೀನು, ಕಾನೂನು, ಧರ್ಮ, ಜನರ ವಲಸೆ, ಹಿಂದಿದ್ದ ಸೆಲ್ಜುಕ್ ಆಡಳಿತ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಈ ವಾದದ ಕೆಲವು ಭಾಗಗಳನ್ನು ಮುಂದಿನವರು ಒಪ್ಪಲಿಲ್ಲ. ಆದರೆ ನೋಡುವ ಆ ಕ್ರಮ ಉಳಿಯಿತು. ಒಟ್ಟೋಮನ್ ಇತಿಹಾಸದ ಹೆಸರಾಂತ ವಿದ್ವಾಂಸ ಹಲಿಲ್ ಇನಾಲ್‌ಜಿಕ್ ಅವರ ಶಿಷ್ಯರು.

ನಾಲ್ಕು ಜನರ ಸಹಿ

1935ರಲ್ಲಿ ಕೊಪ್ರುಲು ಸಂಸತ್ತಿಗೆ ಹೋದರು. ಆಗ ದೇಶದಲ್ಲಿದ್ದದ್ದು ಒಂದೇ ಪಕ್ಷ, ಅತಾತುರ್ಕ್ ಕಟ್ಟಿದ ರಿಪಬ್ಲಿಕನ್ ಪೀಪಲ್ಸ್ ಪಾರ್ಟಿ. ಎರಡನೇ ಮಹಾಯುದ್ಧ ಮುಗಿದ ವರ್ಷ, 1945ರ ಜೂನ್ 7ರಂದು, ಅದೇ ಪಕ್ಷದ ನಾಲ್ವರು ಒಂದು ಮನವಿಗೆ ಸಹಿ ಹಾಕಿದರು: ಜೆಲಾಲ್ ಬಯಾರ್, ಅದ್ನಾನ್ ಮೆಂದೆರೆಸ್, ರೆಫಿಕ್ ಕೊರಾಲ್ತಾನ್, ಫುವಾತ್ ಕೊಪ್ರುಲು. ಸರ್ಕಾರದ ಮೇಲೆ ಸಂಸತ್ತಿಗೆ ನಿಜವಾದ ಹಿಡಿತ ಬೇಕು, ಜನರ ಸ್ವಾತಂತ್ರ್ಯ ಕಟ್ಟಿಹಾಕುವ ಕಾನೂನು ಬದಲಾಗಬೇಕು ಎಂಬುದು ಬೇಡಿಕೆ. ಪಕ್ಷ ಅದನ್ನು ತಳ್ಳಿಹಾಕಿತು. ಪತ್ರಿಕೆಯಲ್ಲಿ ಬರೆದು ಟೀಕೆ ಮುಂದುವರಿಸಿದ ಮೆಂದೆರೆಸ್ ಮತ್ತು ಕೊಪ್ರುಲು ಇಬ್ಬರನ್ನೂ ಅದೇ ಸೆಪ್ಟೆಂಬರ್‌ನಲ್ಲಿ ಪಕ್ಷದಿಂದ ಹೊರಹಾಕಲಾಯಿತು.

1946ರ ಜನವರಿ 7ರಂದು ಈ ನಾಲ್ವರೂ ಸೇರಿ ಡೆಮಾಕ್ರಟ್ ಪಾರ್ಟಿ ಶುರು ಮಾಡಿದರು. 1950ರ ಮೇ 14ರ ಚುನಾವಣೆಯಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು ಶೇ. 53 ಮತ. ಆದರೆ ಸೀಟಿನ ಲೆಕ್ಕ ಹಾಕಿದ್ರೆ ಶೇ. 80ಕ್ಕೂ ಜಾಸ್ತಿ! ಹೆಚ್ಚು ಮತ ಪಡೆದ ಪಕ್ಷಕ್ಕೆ ಜಿಲ್ಲೆಯ ಎಲ್ಲ ಸೀಟೂ ಹೋಗುವ ಪದ್ಧತಿ ಆಗ ಇತ್ತು. 27 ವರ್ಷ ಆಳಿದ ಪಕ್ಷ ಗಲಾಟೆ ಇಲ್ಲದೆ ಅಧಿಕಾರ ಬಿಟ್ಟುಕೊಟ್ಟಿತು. ಬಯಾರ್ ಅಧ್ಯಕ್ಷರಾದರು, ಮೆಂದೆರೆಸ್ ಪ್ರಧಾನಿ, ಕೊಪ್ರುಲು ವಿದೇಶಾಂಗ ಸಚಿವ.

ನ್ಯಾಟೋ ಮತ್ತು ಬಾಗ್ದಾದ್

ಅವರ ಕಾಲದಲ್ಲೇ ಟರ್ಕಿ ಕೊರಿಯಾ ಯುದ್ಧಕ್ಕೆ ಸೈನ್ಯ ಕಳಿಸಿತು. 1952ರ ಫೆಬ್ರವರಿಯಲ್ಲಿ ನ್ಯಾಟೋ ಸೇರಿತು. 1955ರ ಫೆಬ್ರವರಿಯಲ್ಲಿ ಇರಾಕ್ ಜೊತೆ ಬಾಗ್ದಾದ್ ಒಪ್ಪಂದ ಆಯಿತು. ಬ್ರಿಟನ್, ಪಾಕಿಸ್ತಾನ, ಇರಾನ್ ಕೂಡ ಅದೇ ವರ್ಷ ಸೇರಿಕೊಂಡವು. ಯಾವ ಬಣಕ್ಕೂ ಸೇರದ ದಾರಿ ಹಿಡಿದಿದ್ದ ನೆಹರೂ ಅವರ ಭಾರತ ಈ ಒಪ್ಪಂದವನ್ನು ವಿರೋಧಿಸಿತ್ತು.

ಕಟ್ಟಿದ ಮನೆ ಬಿಟ್ಟದ್ದು

ಸ್ವಾತಂತ್ರ್ಯ ಕೇಳಿ ಹುಟ್ಟಿದ ಪಕ್ಷವೇ ಬರಬರುತ್ತಾ ಪತ್ರಿಕೆಗಳ ಮೇಲೆ ಬಿಗಿ ಕಾನೂನು ತಂದಿತು. ಸಚಿವರ ಮೇಲೆ ಆರೋಪ ಬರೆದ ಪತ್ರಕರ್ತನಿಗೆ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವ ಹಕ್ಕಾದರೂ ಬೇಕು ಎಂದು ಕೇಳಿದ ಸ್ವಂತ ಸಂಸದರ ಮೇಲೂ 1955ರಲ್ಲಿ ಪಕ್ಷ ಕ್ರಮಕ್ಕೆ ಮುಂದಾಯಿತು. ಕೊಪ್ರುಲು ಆಗ ಪಕ್ಷ ಬಿಡಲಿಲ್ಲ, ಸರ್ಕಾರದಲ್ಲೇ ಉಳಿದರು. 1956ರಲ್ಲಿ ಸಚಿವ ಸ್ಥಾನ ಬಿಟ್ಟರು. 1957ರಲ್ಲಿ ತಾವೇ ಕಟ್ಟಿದ ಪಕ್ಷವನ್ನೂ ಬಿಟ್ಟು ವಿರೋಧ ಪಕ್ಷಕ್ಕೆ ಹೋದರು.

1960ರ ಮೇ 27ರಂದು ಸೇನೆ ಅಧಿಕಾರ ಹಿಡಿಯಿತು. ಇಸ್ತಾಂಬುಲ್‌ನ ಗ್ರೀಕರ ಮೇಲೆ 1955ರ ಸೆಪ್ಟೆಂಬರ್‌ನಲ್ಲಿ ನಡೆದ ದಾಳಿಯ ಕೇಸಿನಲ್ಲಿ ಕೊಪ್ರುಲು ಅವರೂ ಯಾಸ್ಸಿಯಾದಾ ದ್ವೀಪದ ಕೋರ್ಟಿನ ಮುಂದೆ ನಿಲ್ಲಬೇಕಾಯಿತು. ಆರೋಪದಿಂದ ಬಿಡುಗಡೆ ಆಯಿತು. ಅವರೊಟ್ಟಿಗೆ ಮನವಿಗೆ ಸಹಿ ಹಾಕಿದ್ದ ಮೆಂದೆರೆಸ್ ಅವರನ್ನು 1961ರ ಸೆಪ್ಟೆಂಬರ್ 17ರಂದು ಗಲ್ಲಿಗೇರಿಸಲಾಯಿತು.

ಕೊಪ್ರುಲು 1966ರ ಜೂನ್ 28ರಂದು ಇಸ್ತಾಂಬುಲ್‌ನಲ್ಲಿ ತೀರಿಕೊಂಡರು. ನಾಲ್ವರು ಕಟ್ಟಿದ ಪಕ್ಷವನ್ನು ಆರು ವರ್ಷ ಮೊದಲೇ ಕೋರ್ಟು ಮುಚ್ಚಿಸಿತ್ತು. ಪ್ರೊಫೆಸರ್ ಕಟ್ಟಿದ ಅಧ್ಯಯನ ಸಂಸ್ಥೆ ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಈಗಲೂ ನಡೆಯುತ್ತಿದೆ.