ಟ್ರಿಪ್ ಆದ ಮೇಲೆ

1980ರ ದಶಕದ ಸಿಎನ್‌ಸಿ ಮಷೀನಿನ ಪ್ಯಾನಲ್ ಬಾಗಿಲು ತೆಗೆದರೆ, ಡ್ರೈವ್ ಪಕ್ಕದಲ್ಲಿ ಪಿಂಗಾಣಿ ಕೊಳವೆಗೆ ತಂತಿ ಸುತ್ತಿದ ರೆಸಿಸ್ಟೆನ್ಸ್ ಕಾಣುತ್ತಿತ್ತು. ಪೀಣ್ಯದ ಶೆಡ್ಡುಗಳಲ್ಲಿ ರಿಪೇರಿ ಮಾಡಿಕೊಂಡೇ ತಲೆ ನರೆತ ನನಗೆ ಇವತ್ತಿಗೂ ಅದರ ಮೇಲೆ ಗೌರವ. ಆಗಿನವು ಡಿಸಿ ಸರ್ವೋ ಮೋಟಾರುಗಳು. ಡ್ರೈವ್ ಟ್ರಿಪ್ ಆಗಲಿ, ಫ್ಯೂಸ್ ಹಾರಲಿ, ಏರಿಯಾದ ಕರೆಂಟೇ ಹೋಗಲಿ, ಕಾಂಟ್ಯಾಕ್ಟರಿನ ಕಾಯಿಲ್ ಸತ್ತೊಡನೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳುತ್ತಿತ್ತು. ಕರೆಂಟಿಲ್ಲದಾಗ ಕೂಡುವ ಎನ್‌ಸಿ ಪಾಯಿಂಟಿನ ಮೂಲಕ ಆರ್ಮೇಚರ್ ಆ ರೆಸಿಸ್ಟೆನ್ಸಿಗೆ ಸೇರಿಕೊಳ್ಳುತ್ತಿತ್ತು. ಒಳಗೆ ಅಯಸ್ಕಾಂತ ಇದೆಯಲ್ಲ, ತಿರುಗುತ್ತಿದ್ದ ಮೋಟಾರು ಆ ಗಳಿಗೆಗೆ ಜನರೇಟರ್. ಓಟವೆಲ್ಲ ಕಾವಾಗಿ ಹೋಗಿ ಟೇಬಲ್ ನಿಲ್ಲುತ್ತಿತ್ತು. ಪವರ್ ಕಟ್ಟಿನ ಆ ಕಾಲಕ್ಕೆ, ಕರೆಂಟೇ ಬೇಡದ ಬ್ರೇಕಿಗಿಂತ ಒಳ್ಳೆಯದು ಇನ್ನೇನು?

ಮೋಟಾರಿನಿಂದಲೇ ಮೋಟಾರನ್ನು ತಡೆಯುವುದು ಹಳೇ ವಿದ್ಯೆಯೇ. 1891ರ ಹೊತ್ತಿಗೆ ಅಮೆರಿಕದ ಹ್ಯಾರಿ ವಾರ್ಡ್ ಲಿಯೊನಾರ್ಡ್ ರೂಪಿಸಿದ ಮೋಟಾರ್-ಜನರೇಟರ್ ಸೆಟ್ಟು, ವೇಗ ಇಳಿಸುವಾಗ ಲೋಡಿನ ಶಕ್ತಿಯನ್ನು ಲೈನಿಗೇ ವಾಪಸು ಕೊಡುತ್ತಿತ್ತು. ಆದರೆ ಅದಕ್ಕೆ ಇಡೀ ಸೆಟ್ಟು ನೆಟ್ಟಗಿರಬೇಕು, ಫಾಲ್ಟ್ ಆದಾಗ ಅದೇ ಇರುವುದಿಲ್ಲ.

ಬ್ರಷ್ ಇಲ್ಲದ ಎಸಿ ಸರ್ವೋ ಬಂದ ಮೇಲೆ ಎಷ್ಟೋ ಕಡೆ ರೆಸಿಸ್ಟೆನ್ಸ್ ಡ್ರೈವಿನೊಳಗೆ ಅಡಗಿತು. ಅದರ ರೋಟರಿನಲ್ಲೂ ಅಯಸ್ಕಾಂತ. ಮೂರೂ ಫೇಸನ್ನು ಶಾರ್ಟ್ ಮಾಡಿದರೆ ಹಿಡಿತ ಸಿಗುತ್ತದೆ. ಅದೇ ಮಷೀನಿನ ಸ್ಪಿಂಡಲಿಗೆ ಸಾಮಾನ್ಯವಾಗಿ ಇಂಡಕ್ಷನ್ ಮೋಟಾರು. ಅಯಸ್ಕಾಂತವಿಲ್ಲ, ಡ್ರೈವ್ ಸತ್ತರೆ ತಿರುಗಿ ತಿರುಗಿ ತಾನಾಗಿಯೇ ಸುಸ್ತಾಗಬೇಕು. ಹೊಸ ಹುಡುಗರಿಗೆ ನಾನು ಮೊದಲು ಹೇಳುತ್ತಿದ್ದುದೇ ಇದು: ಟರೆಟ್ ನಿಂತಿತು ಅಂತ ಒಳಗೆ ಕೈ ಹಾಕಬೇಡಪ್ಪ, ಚಕ್ ಇನ್ನೂ ತಿರುಗುತ್ತಿರುತ್ತೆ.

ಹೆಡ್ಡು ಮೇಲೆ ಕೆಳಗೆ ಓಡಾಡುವ ವಿಎಂಸಿಯ (ವರ್ಟಿಕಲ್ ಮಷೀನಿಂಗ್ ಸೆಂಟರ್) ಝಡ್ ಆಕ್ಸಿಸ್ ಸಂಗತಿ ಬೇರೆ. ರೆಸಿಸ್ಟೆನ್ಸಿನ ಹಿಡಿತ ವೇಗ ಇರುವ ತನಕ. ನಿಂತ ಹೆಡ್ಡನ್ನು ಅದು ಎತ್ತಿ ಹಿಡಿಯಲಾರದು. ಹಳೇ ಮಷೀನುಗಳಲ್ಲಿ ಚೈನಿಗೆ ಕೌಂಟರ್‌ವೇಟ್ ನೇತುಹಾಕುತ್ತಿದ್ದರು. ಆಮೇಲೆ ಮೋಟಾರಿನೊಳಗೇ ಸ್ಪ್ರಿಂಗ್ ಬ್ರೇಕು ಬಂತು: 24 ವೋಲ್ಟ್ ಇದ್ದರೆ ಬಿಡುತ್ತದೆ, ಹೋದರೆ ಕಚ್ಚುತ್ತದೆ. ಕಚ್ಚುವುದಕ್ಕೂ ಕೆಲವು ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಹೆಡ್ಡು ಕೂದಲೆಳೆಯಷ್ಟು ಜಾರಿ ಫಿನಿಶಿಂಗಿಗೆ ಬಂದ ಜಾಬ್ ಕೆಟ್ಟಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಇದು ನಿಂತದ್ದನ್ನು ಹಿಡಿಯುವ ಬ್ರೇಕು. ಓಡುವುದನ್ನು ನಿಲ್ಲಿಸಲು ಬಳಸಿದರೆ ಲೈನರ್ ಸವೆಯುತ್ತದೆ.

ಈಗಿನ ಡ್ರೈವುಗಳು ಅಲಾರಂ ನೋಡಿ ಬ್ರೇಕ್ ಆರಿಸುತ್ತವೆ. ಮೋಟಾರು ಕಾದಿದ್ದರೆ ಹತೋಟಿಯಲ್ಲೇ ವೇಗ ಇಳಿಸಬಹುದು. ಎನ್‌ಕೋಡರೇ ಕೈಕೊಟ್ಟರೆ ರೋಟರ್ ಎಲ್ಲಿದೆಯೆಂದು ತಿಳಿಯದು, ಆಗ ಮತ್ತೆ ಫೇಸ್ ಶಾರ್ಟ್ ಮಾಡುವ ಹಳೇ ದಾರಿಯೇ. ಯಾವ ಅಲಾರಮ್ಮಿಗೆ ಯಾವ ಬ್ರೇಕು ಎಂಬುದಕ್ಕೆ ಎಷ್ಟೋ ಡ್ರೈವುಗಳಲ್ಲಿ ಪ್ಯಾರಾಮೀಟರ್ ಕೊಟ್ಟಿರುತ್ತಾರೆ. ನಮ್ಮ ಕಡೆ ಹೆಚ್ಚಿನವರು ಕಮಿಷನಿಂಗ್ ದಿನ ಫ್ಯಾಕ್ಟರಿ ಸೆಟ್ಟಿಂಗನ್ನು ಹಾಗೇ ಬಿಟ್ಟು ಊಟಕ್ಕೆ ಹೊರಡುತ್ತಾರೆ.