ಮಾವಿನ ಅಡೆ ಮತ್ತು ಒಂದು ಅನಿಲದ ಕಥೆ

ಬಲಿತ ಮಾವಿನಕಾಯಿಗಳನ್ನು ಹುಲ್ಲಿನಲ್ಲಿ ಅಡೆ ಹಾಕಿ, ಮೇಲೆ ಗೋಣಿಚೀಲ ಮುಚ್ಚುವುದು ನಮ್ಮ ಅಜ್ಜಿಯರ ಕಾಲದ ರೂಢಿ. ಕೆಲವೇ ದಿನಗಳಲ್ಲಿ ಮನೆಯೆಲ್ಲ ಘಮಘಮ. ಹುಲ್ಲಿನ ಕಾವಿನಿಂದ ಕಾಯಿ ಹಣ್ಣಾಗುತ್ತದೆ ಎಂದು ನಾವು ತಿಳಿದಿದ್ದೆವು. ನಿಜವಾದ ಕೆಲಸ ಮಾಡುವುದು ಕಾಯಿಯೇ ಹೊರಬಿಡುವ ಎಥಿಲೀನ್ ಎಂಬ ಅನಿಲ. ಅಡೆಯೊಳಗೆ ಅದು ಹೊರಹೋಗದೆ ನಿಲ್ಲುತ್ತದೆ. ಆದರೆ ವಿಜ್ಞಾನಿಗಳಿಗೆ ಇದರ ಸುಳಿವು ಮೊದಲು ಸಿಕ್ಕಿದ್ದು ಹಣ್ಣಿನಿಂದಲ್ಲ, ದೀಪದಿಂದ!

19ನೇ ಶತಮಾನದ ಯುರೋಪಿನಲ್ಲಿ ಬೀದಿದೀಪಗಳು ಕಲ್ಲಿದ್ದಲಿನಿಂದ ತೆಗೆದ ಅನಿಲದಿಂದ ಉರಿಯುತ್ತಿದ್ದವು. ಕೊಳವೆ ಸೋರಿದಲ್ಲಿ ಮರಗಳ ಎಲೆಗಳು ಅಕಾಲದಲ್ಲಿ ಉದುರುತ್ತಿದ್ದವು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಡಿಮಿತ್ರಿ ನೆಲ್ಜುಬೋವ್ ಎಂಬ ಯುವ ಸಂಶೋಧಕರು, ಪ್ರಯೋಗಾಲಯದ ಕತ್ತಲಲ್ಲಿ ಬೆಳೆಸಿದ ಬಟಾಣಿ ಮೊಳಕೆಗಳು ಅಡ್ಡಡ್ಡ ಬೆಳೆಯುವುದನ್ನು ಕಂಡರು. ಹೊರಗಿನ ಗಾಳಿಯಲ್ಲಿ ಅವು ನೆಟ್ಟಗೆ ಬೆಳೆದವು. ದೀಪದ ಅನಿಲದಲ್ಲಿದ್ದ ಎಥಿಲೀನೇ ಇದಕ್ಕೆ ಕಾರಣವೆಂದು 1901ರಲ್ಲಿ ತಿಳಿಸಿದರು.

ಅತ್ತ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಸಿರು ನಿಂಬೆಗೆ ಹಳದಿ ಬಣ್ಣ ಬರಲೆಂದು ಸೀಮೆಎಣ್ಣೆ ಒಲೆ ಹಚ್ಚಿದ ಕೋಣೆಯಲ್ಲಿ ಇಡುತ್ತಿದ್ದರು. ಬೇರೆ ರೀತಿಯಲ್ಲಿ ಬಿಸಿ ಮಾಡಿದರೆ ಬಣ್ಣ ಬರುತ್ತಿರಲಿಲ್ಲ. ಇದು ಶಾಖದ ಕೆಲಸವಲ್ಲ, ಒಲೆಯ ಹೊಗೆಯಲ್ಲಿದ್ದ ಎಥಿಲೀನ್‌ನ ಕೆಲಸ ಎಂದು ಎಫ್. ಇ. ಡೆನ್ನಿ 1924ರಲ್ಲಿ ತೋರಿಸಿದರು. ಮಾಗುವ ಸೇಬು ತಾನೇ ಈ ಅನಿಲವನ್ನು ತಯಾರಿಸುತ್ತದೆ ಎಂದು 1934ರಲ್ಲಿ ಇಂಗ್ಲೆಂಡಿನ ಆರ್. ಗೇನ್ ಸಾಬೀತುಪಡಿಸಿದರು. ಹೀಗೆ ಎಥಿಲೀನ್ ಸಸ್ಯದ ಹಾರ್ಮೋನ್ ಎನಿಸಿತು. ಒಂದು ಹಣ್ಣು ಬಿಡುವ ಅನಿಲ ಪಕ್ಕದ ಕಾಯಿಯನ್ನೂ ಮಾಗಿಸುತ್ತದೆ. ಪಿಷ್ಟ ಸಕ್ಕರೆಯಾಗುತ್ತದೆ, ತಿರುಳು ಮೆತ್ತಗಾಗುತ್ತದೆ.

ಈ ಇತಿಹಾಸ ಇಂದಿಗೂ ನಮಗೆ ಬೇಕು. ಅವಸರದ ವ್ಯಾಪಾರಿಗಳು ಬಳಸುವ ಕ್ಯಾಲ್ಸಿಯಂ ಕಾರ್ಬೈಡ್‌ಗೆ ತೇವ ತಾಗಿದರೆ ಅಸಿಟಿಲೀನ್ ಹೊರಬರುತ್ತದೆ. ಅದು ಎಥಿಲೀನನ್ನು ಅನುಕರಿಸುತ್ತದೆ, ಅಷ್ಟೇ. ಸಿಪ್ಪೆ ಹಳದಿಯಾದರೂ ಒಳಗೆ ಹುಳಿ ಉಳಿದಿರಬಹುದು. ಜೊತೆಗೆ ಅದರಲ್ಲಿ ಆರ್ಸೆನಿಕ್, ರಂಜಕದ ಅಂಶಗಳೂ ಇರಬಹುದು. ಅದಕ್ಕೇ ಭಾರತದಲ್ಲಿ ಹಣ್ಣು ಮಾಗಿಸಲು ಕಾರ್ಬೈಡ್ ನಿಷಿದ್ಧ. ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ ಅನುಮತಿಯಿದೆ.

ನಗರದ ಫ್ಲಾಟಿನಲ್ಲಿ ಹುಲ್ಲು ಎಲ್ಲಿ ಸಿಗಬೇಕು ಎನ್ನುತ್ತೀರಾ? ಚೆನ್ನಾಗಿ ಬಲಿತ ಕಾಯಿಗಳನ್ನು ತಂದು ಕಾಗದದ ಚೀಲದಲ್ಲಿ ಒಂದು ಮಾಗಿದ ಬಾಳೆಹಣ್ಣಿನ ಜೊತೆ ಇಡಿ, ಇಲ್ಲವೇ ಅಕ್ಕಿ ಡಬ್ಬದಲ್ಲಿ ಹುದುಗಿಸಿ. ಎಳೆಗಾಯಿಯಾದರೆ ಎಷ್ಟು ಅಡೆ ಹಾಕಿದರೂ ರುಚಿ ಬಾರದು. ಮಕ್ಕಳು "ಹಣ್ಣಾಯ್ತಾ ಅಮ್ಮಾ?" ಎಂದು ದಿನವೂ ಮುಚ್ಚಳ ತೆಗೆದು ಮೂಸಿದಾಗ, ಅಜ್ಜಿಯ ಅಡೆಯ ಜೊತೆಗೆ ನೆಲ್ಜುಬೋವ್‌ರ ಬಟಾಣಿಯ ಕಥೆಯನ್ನೂ ಹೇಳಿ.