ರಾಡ್ಜರ್ಸ್, ಜಿಮ್ಮಿ (1897–1933)

ಅಮೆರಿಕ ಸಂಯುಕ್ತ ಸಂಸ್ಥಾನಗಳ ಗಾಯಕ ಹಾಗೂ ಗೀತರಚನಕಾರ. ಗ್ರಾಮಜೀವನದಿಂದ ಉದಿಸಿದ ಕಂಟ್ರಿ ಸಂಗೀತದ ಜನಕನೆಂದು ಮಾನ್ಯನಾದವನು. 1897ರ ಸೆಪ್ಟೆಂಬರ್ 8ರಂದು ಜನಿಸಿದ ಈತನು ಮಿಸಿಸಿಪಿ ಸಂಸ್ಥಾನದ ಮೆರಿಡಿಯನ್ ಪಟ್ಟಣವನ್ನು ತನ್ನ ಊರೆಂದು ಬಗೆದಿದ್ದನು. ಬಾಲ್ಯದಲ್ಲಿಯೇ ಮಾತೃವಿಯೋಗಕ್ಕೆ ಗುರಿಯಾಗಿ, ರೈಲುಹಾದಿಯ ಮೇಸ್ತ್ರಿಯಾಗಿದ್ದ ತಂದೆಯ ಹಿಂದೆಯೇ ತಾನೂ ರೈಲ್ವೆಯ ದುಡಿಮೆಗೆ ಸೇರಿ, ಹಳಿಗಳ ಮೇಲೆ ಬೆವರು ಸುರಿಸುತ್ತಿದ್ದ ಆಫ್ರಿಕಮೂಲದ ಕೂಲಿಗಳ ಹಾಡುಗಳನ್ನು ಕೇಳುತ್ತ ಬೆಳೆದನು. ಬಂಡಿಗಳ ಬ್ರೇಕು ನೋಡಿಕೊಳ್ಳುವ ನೌಕರನಾಗಿದ್ದ ಆತನಿಗೆ 1924ರಲ್ಲಿ ಕ್ಷಯರೋಗವಿರುವುದು ಪತ್ತೆಯಾಗಿ, ಆ ಕಠಿನ ಕಾಯಕವು ದುಸ್ಸಾಧ್ಯವಾಗಲು, ಸಂಗೀತವೇ ಜೀವನೋಪಾಯವಾಯಿತು.

1927ರ ಬೇಸಗೆಯಲ್ಲಿ ವಿಕ್ಟರ್ ಗ್ರಾಮಫೋನ್ ಸಂಸ್ಥೆಯ ಪರವಾಗಿ ರಾಲ್ಫ್ ಪಿಯರ್ ಎಂಬಾತನು, ಟೆನೆಸಿ ಮತ್ತು ವರ್ಜೀನಿಯ ಸಂಸ್ಥಾನಗಳ ಗಡಿರೇಖೆಯು ನಡುಬೀದಿಯಲ್ಲಿಯೇ ಹಾದುಹೋಗುವ ಬ್ರಿಸ್ಟಲ್ ಪಟ್ಟಣಕ್ಕೆ ಬಂದು, ಬೆಟ್ಟಸೀಮೆಯ ಗಾಯಕರ ಧ್ವನಿಮುದ್ರಣವನ್ನು ಕೈಗೊಂಡನು. ಆಗತಾನೆ ಬಳಕೆಗೆ ಬಂದಿದ್ದ ವಿದ್ಯುತ್ ಮೈಕ್ರೊಫೋನು ಮೃದುಕಂಠವನ್ನೂ ಗಿಟಾರಿನ ಸೂಕ್ಷ್ಮನಾದವನ್ನೂ ಯಥಾವತ್ತಾಗಿ ಗ್ರಹಿಸಬಲ್ಲುದಾಗಿತ್ತು. ಆಗಸ್ಟ್ ಮೊದಲ ದಿನಗಳಲ್ಲಿ ಕಾರ್ಟರ್ ಕುಟುಂಬವೆಂಬ ಗಾಯಕವೃಂದವು ಹಾಡಿತು. ಸಹವಾದಕರೊಡನೆ ಮನಸ್ತಾಪವಾಗಿ ಬೇರ್ಪಟ್ಟ ರಾಡ್ಜರ್ಸ್ 4ರಂದು ಏಕಾಂಗಿಯಾಗಿ ಎರಡು ಗೀತಗಳನ್ನು ಹಾಡಿದನು. 1998ರಲ್ಲಿ ಅಮೆರಿಕದ ಶಾಸನಸಭೆಯು ಬ್ರಿಸ್ಟಲನ್ನು ಕಂಟ್ರಿ ಸಂಗೀತದ ಜನ್ಮಸ್ಥಾನವೆಂದು ಅಂಗೀಕರಿಸಿದುದಕ್ಕೆ ಈ ಧ್ವನಿಮುದ್ರಣಗಳೇ ಆಧಾರ.

1927ರ ನವೆಂಬರಿನಲ್ಲಿ ಕ್ಯಾಮ್ಡೆನ್ ನಗರದಲ್ಲಿ ಮುದ್ರಿತವಾದ ಮೊದಲ ‘ಬ್ಲೂ ಯೋಡಲ್’ ಗೀತವು ಆತನನ್ನು ದೇಶಪ್ರಸಿದ್ಧನನ್ನಾಗಿಸಿತು. ಕೃಷ್ಣವರ್ಣೀಯರ ಬ್ಲೂಸ್ ಪದ್ಧತಿಗೆ, ಕಂಠವನ್ನು ಸಹಜಸ್ಥಾಯಿಯಿಂದ ತಟ್ಟನೆ ಕೀರಲು ಸ್ಥಾಯಿಗೆ ಏರಿಸಿ ಇಳಿಸುವ ಯೋಡಲ್ ಕ್ರಮವನ್ನು ಬೆಸೆದುದೇ ಆತನ ವೈಶಿಷ್ಟ್ಯ. ವರ್ಣಭೇದವು ನಿಷ್ಠುರವಾಗಿದ್ದ ಆ ಕಾಲದಲ್ಲಿ, 1930ರ ಜುಲೈಯಲ್ಲಿ, ಶ್ವೇತವರ್ಣೀಯನಾದ ಈತನ ಒಂಬತ್ತನೆಯ ‘ಬ್ಲೂ ಯೋಡಲ್’ಗೆ ತುತೂರಿ ನುಡಿಸಿದವನು ಕೃಷ್ಣವರ್ಣೀಯ ಜಾಸ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಎಂಬುದು ಈ ಸಂಗಮದ ಶ್ರೇಷ್ಠ ನಿದರ್ಶನ. ತನ್ನ ವ್ಯಾಧಿಯನ್ನೇ ವಸ್ತುವಾಗಿಸಿಕೊಂಡು 1931ರಲ್ಲಿ ‘ಟಿ. ಬಿ. ಬ್ಲೂಸ್’ ಹಾಡಿದ ಧೈರ್ಯವೂ ಸ್ಮರಣೀಯ.

1933ರ ಮೇ ತಿಂಗಳಿನಲ್ಲಿ, ನ್ಯೂಯಾರ್ಕಿನಲ್ಲಿ, ಒಂದು ಹಾಡಿಗೂ ಮತ್ತೊಂದಕ್ಕೂ ನಡುವೆ ಮಂಚದ ಮೇಲೆ ಒರಗಿ ದಣಿವಾರಿಸಿಕೊಳ್ಳುತ್ತ, 24ರಂದು ಕೊನೆಯ ಗೀತವನ್ನು ಮುಗಿಸಿದ ಈತನು 26ರಂದು, ಮೂವತ್ತೈದನೆಯ ವಯಸ್ಸಿನಲ್ಲಿ, ಕಾಲವಶನಾದನು. ಆರು ವರ್ಷ ತುಂಬದ ಗಾಯನಜೀವನದಲ್ಲಿ ನೂರಕ್ಕೂ ಮಿಕ್ಕಿದ ಗೀತಗಳು ಮುದ್ರಿತವಾದುವು. 1961ರಲ್ಲಿ ಕಂಟ್ರಿ ಸಂಗೀತದ ಕೀರ್ತಿಮಂದಿರಕ್ಕೆ ಪ್ರಥಮತಃ ಆಯ್ಕೆಯಾದ ಮೂವರಲ್ಲಿ, ಹ್ಯಾಂಕ್ ವಿಲಿಯಮ್ಸ್ ಮತ್ತು ಫ್ರೆಡ್ ರೋಸ್ ಅವರೊಡನೆ, ಈತನೂ ಒಬ್ಬನು. ಅರ್ನೆಸ್ಟ್ ಟಬ್, ಹ್ಯಾಂಕ್ ಸ್ನೋ ಮೊದಲಾದವರು ಆತನನ್ನು ಆದರ್ಶವಾಗಿಟ್ಟುಕೊಂಡೇ ಗಾಯನಕ್ಕೆ ತೊಡಗಿದರು. ಸಾಮಾನ್ಯ ದುಡಿಮೆಗಾರನ ಅಲೆದಾಟ, ವಿರಹ, ರೋಗಗಳು ಅಲಂಕಾರಾಪೇಕ್ಷೆಯಿಲ್ಲದೆಯೇ ಗಾಯನಯೋಗ್ಯವೆಂದು ತೋರಿಸಿಕೊಟ್ಟುದು ಆತನ ಚಿರಸ್ಥಾಯಿಯಾದ ಕೊಡುಗೆ.